ಕಾಲರಿನ ಮೂಲೆ

6 ಸೆಪ್ಟೆಂಬರ್ 2025, ಶನಿವಾರ

ಕಂಪನಿ ಬಸ್ಸು ಇವತ್ತೂ ಲೇಟು. ಗೇಟಿನಿಂದ ಓಡಿಯೇ ಪಂಚ್ ಮಾಡಿದೆ. ಬಾಬಿನ್ ತುಂಬಿಸಿ, ಸೂಜಿ ಬದಲಿಸಿ, ಮೊದಲ ಬಂಡಲ್ ಬಿಚ್ಚಿದ್ದೇ ತಡ, ಮ್ಯಾನೇಜರ್ ಲಕ್ಷ್ಮಣ್ ಸಾರ್ ಕರೆಯುತ್ತಿದ್ದಾರೆ ಅಂತ ಸುದ್ದಿ. ನಿನ್ನೆ ಚೆಕ್ಕಿಂಗ್‌ನವನಿಗೆ ಚೆನ್ನಾಗಿ ಬೈದಿದ್ದೆ. ಅದೇ ಇರಬೇಕು ಅಂತ ಉತ್ತರ ಜೋಡಿಸಿಕೊಂಡೇ ಹೋದೆ.

ಅದಲ್ಲ! ಅದಲ್ಲವೇ ಅಲ್ಲ!

ಕೀನ್ಯಾದಿಂದ ಆರು ಜನ ಹೆಣ್ಣುಮಕ್ಕಳು ಬರುತ್ತಾರಂತೆ. ಆಫ್ರಿಕಾದ ಕೀನ್ಯಾ. ಕಂಪನಿ ಅಲ್ಲಿ ಹೊಸ ಯೂನಿಟ್ ಹಾಕುತ್ತಿದೆ. ನಾವು ಹೊಲಿಯುವ ಮಕ್ಕಳ ಶರ್ಟನ್ನು ಮೊದಲಿನಿಂದ ಕೊನೆಯವರೆಗೆ ಅವರು ಇಲ್ಲಿ ಕಲಿತು ಹೋಗುತ್ತಾರೆ. ಕಲಿಸುವವರು ಯಾರು? ನಾನು. ನಾರಾಯಣಪೇಟೆ ಬಿಟ್ಟರೆ ಮಕ್ತಲ್, ಮಕ್ತಲ್ ಬಿಟ್ಟರೆ ತವರು ಗದ್ವಾಲ, ಅದರಾಚೆ ಕಾಲಿಡದ ಶಿವಗಂಗಾ!

"ಕಾಲರ್ ಅಂದ್ರ ನೀನವ್ವ. ಇಡೀ ಫ್ಲೋರಿನಾಗ ನಿನ್ನಂಥ ಕೈ ಇನ್ನೊಂದಿಲ್ಲ" ಅಂದರು ಸಾರ್.

"ಗೊತ್ತೈತ್ರಿ ಸಾರ್" ಅಂದುಬಿಟ್ಟೆ. ಬಾಯಿ ತಡೆಯಲಿಲ್ಲ.

ಕೊರಳಿಗೆ ಹೊಸ ಕಾರ್ಡು ಬಂತು. ಟ್ರೇನರ್ ಅಂತ ದೊಡ್ಡಕ್ಷರದಲ್ಲಿ. ಪಕ್ಕದ ಮಷೀನಿನ ತಿರುಪತಮ್ಮಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನವ್ವ ಟ್ರೇನರ್ ಮೇಡಮ್ಮ, ಇನ್ನ ನಮ್ಮ ಜೋಡಿ ಮಾತಾಡ್ತೀಯೋ ಇಲ್ಲೋ?"

"ಮೊದ್ಲ ಅಪಾಯಿಂಟ್‌ಮೆಂಟ್ ತಗೋಬೇಕಕ್ಕ."

ಬೆನ್ನಿಗೊಂದು ಗುದ್ದು. ಇನ್ನೂ ನೋಯುತ್ತಿದೆ. ಸಿಮೆಂಟು ಬುಟ್ಟಿ ಹೊತ್ತ ಕೈ ಅದು. ಮಾಗನೂರಿನವಳು. ಮೊದಲು ವರ್ಷ ವರ್ಷವೂ ಗುಂಪು ಮೇಸ್ತ್ರಿಯ ಟೆಂಪೋ ಹತ್ತಿ ಹೈದರಾಬಾದಿಗೆ ಕಟ್ಟಡದ ಕೂಲಿಗೆ ಹೋಗುತ್ತಿದ್ದಳು. ಈ ಫ್ಯಾಕ್ಟರಿ ಬಂದ ಮೇಲೆ ಬಿಟ್ಟಳು. ಈಗ ತೋಳು ಹಚ್ಚುವುದರಲ್ಲಿ ಅವಳೇ ರಾಣಿ. ನಮ್ಮ ಲೈನಿನಲ್ಲಿ ಅರ್ಧಕ್ಕರ್ಧ ಹೀಗೆ ಬುಟ್ಟಿ ಬಿಟ್ಟು ಬಂದವರೇ.

ಸೋಮವಾರ ಯಾವ ಸೀರೆ ಉಡಲಿ? ಮೊದಲು ಅದು ತೀರ್ಮಾನವಾಗಬೇಕು.

8 ಸೆಪ್ಟೆಂಬರ್, ಸೋಮವಾರ

ಬಂದರು!!

ಟಾರ್ಗೆಟ್ ಮರೆತು ಎಲ್ಲರೂ ಕಿಟಕಿಗೆ. ಸೂಪರ್‌ವೈಸರ್ ಕೂಗಿದ, ಯಾರೂ ಕೇಳಲಿಲ್ಲ. ಕೊನೆಗೆ ಅವನೂ ಬಂದು ಹಿಂದೆ ನಿಂತ.

ಎತ್ತರ ಅಂದರೆ ಎತ್ತರ. ತಲೆತುಂಬ ಸಣ್ಣ ಸಣ್ಣ ಜಡೆ, ಲೆಕ್ಕ ಸಿಗುವುದಿಲ್ಲ. "ಇಷ್ಟು ಸಣ್ಣಗ ಹೆಣೆದಾರಲ್ಲ, ಇವರಿಗೆ ಹೊಲಿಗಿ ಏನ್ ದೊಡ್ಡದು ಬಿಡು" ಅಂದಳು ತಿರುಪತಮ್ಮಕ್ಕ.

ಅವರಲ್ಲೊಬ್ಬಳು ಮ್ವೆಂಡೆ. ಮೂವತ್ತು ದಾಟಿರಲಿಕ್ಕಿಲ್ಲ. ನಗು ದೊಡ್ಡದು. ಅವಳ ಹೆಸರು ನನ್ನ ಬಾಯಿಗೆ ಬರುವ ಹೊತ್ತಿಗೆ ಲೈನಿನವರು ಆಗಲೇ ಮೆಂಡವ್ವ ಮಾಡಿಬಿಟ್ಟಿದ್ದರು. ಆಫೀಸಿನ ಕರುಣಾ ಮಧ್ಯೆ ನಿಂತು ಅವರ ಇಂಗ್ಲಿಷನ್ನು ನಮಗೆ, ನಮ್ಮ ಮಾತನ್ನು ಅವರಿಗೆ ದಾಟಿಸುತ್ತಾಳೆ. ಕರುಣಾ ಇಲ್ಲದಾಗ ಕೈ, ಕಣ್ಣು, ಹುಬ್ಬು ಸಾಕು.

ಕ್ಯಾಂಟೀನಿನಲ್ಲಿ ಗೊತ್ತಾಯಿತು. ಅವರೂ ಚಹಾಕ್ಕೆ ಚಾಯ್ ಅನ್ನುತ್ತಾರೆ! ಚಪಾತಿಗೆ ಚಪಾತಿ! ಅಂಗಡಿಗೆ, ನಮ್ಮ ದುಕಾನಿನ ಹಾಗೆ, ದುಕಾ! ಒಂದೊಂದು ಮಾತಿಗೂ ಇಡೀ ಕ್ಯಾಂಟೀನ್ ಹೋ ಅನ್ನುತ್ತಿತ್ತು. "ಅಯ್ಯೋ ದೇವುಡಾ, ಮನವಾಳ್ಳೇ!" ಅಂತ ತಿರುಪತಮ್ಮಕ್ಕ ತೆಲುಗಿನಲ್ಲಿ ಕೂಗಿದಳು. ನಮ್ಮವರೇ ಅಂತ. ಖುಷಿಯಾದರೆ ಅವಳ ಬಾಯಿ ತೆಲುಗಿಗೆ ಹೊರಳುತ್ತದೆ.

10 ಸೆಪ್ಟೆಂಬರ್, ಬುಧವಾರ

ಜೇಬು ಕಲಿತರು. ಬೆನ್ನಿನ ಪಟ್ಟಿ ಕಲಿತರು. ಮ್ವೆಂಡೆಯ ಹೊಲಿಗೆ ನೇರ. ನಿಧಾನ ಅಂತ ಸಾರ್ ಗೊಣಗಿದರು. "ಪೊಲೆ ಪೊಲೆ" ಅಂದಳು ಮ್ವೆಂಡೆ ನಗುತ್ತ. ಸಾವಕಾಶ ಅಂತ ಅರ್ಥವಂತೆ. ಈಗ ಇಡೀ ಫ್ಲೋರ್ ಪೊಲೆ ಪೊಲೆ. ಟಾರ್ಗೆಟ್ ಕೇಳಿದರೆ ಪೊಲೆ ಪೊಲೆ! ಸೂಪರ್‌ವೈಸರ್ ಅಳುವುದೊಂದು ಬಾಕಿ.

ಗಂಟಲು ಕಟ್ಟಿದೆ. ಇಷ್ಟು ಮಾತು ನಾನು ಮದುವೆಯಲ್ಲೂ ಆಡಿರಲಿಲ್ಲ.

14 ಸೆಪ್ಟೆಂಬರ್, ಭಾನುವಾರ

ನಮ್ಮ ಮನೆಯಲ್ಲಿ ಜಾತ್ರೆ! ಆರೂ ಜನ ಊಟಕ್ಕೆ. ಕರುಣಾ. ಹಿಂದೆ ಲೈನಿನವರು, ಕರೆದವರು, ಕರೆಯದವರು. ಜೋಳದ ರೊಟ್ಟಿ ತಟ್ಟಿ ತಟ್ಟಿ ಅಂಗೈ ಕೆಂಪಾಯಿತು. ಪುಂಡಿಪಲ್ಲೆಗೆ ಅವರು ಮತ್ತೆ ಮತ್ತೆ ತಟ್ಟೆ ಹಿಡಿದರು.

ಮನೆಯವರು ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದರು. ಎಲ್ಲರೂ ಸುತ್ತ ನಿಂತು ನೋಡಿದ್ದೇ ನೋಡಿದ್ದು. ಅವರಿಗೆ ನಾಚಿಕೆಯಾಗಿ ಎಳೆಯೊಂದು ಹರಿಯಿತು. ಹರಿದ ಎಳೆಗೆ ಬೇರೆ ಎಳೆ ಗಂಟು ಹಾಕಿ, ಬಾಚಣಿಗೆಯಂಥ ಹಣಗಿಯ ಸಂದಿಯಿಂದ ಮೆಲ್ಲಗೆ ಎಳೆದುಕೊಂಡರು. ಮ್ವೆಂಡೆ ಬಗ್ಗಿ ನೋಡಿದಳು. ನನ್ನ ಕಾಲರಿನ ವಿದ್ಯೆ ಹುಟ್ಟಿದ್ದೇ ಅದನ್ನು ನೋಡಿ. ಹೇಳಬೇಕೆನ್ನಿಸಿತು. ಇರಲಿ, ಕಾಲರಿನ ದಿನ ಹೇಳಿದರಾಯಿತು ಅಂತ ಸುಮ್ಮನಾದೆ.

ಹೆಣ್ಣುಮಗಳು ಮೊದಲ ಸಲ ಮನೆಗೆ ಬಂದರೆ ಉಡಿ ತುಂಬದೆ ಕಳಿಸುವುದುಂಟೆ? ಅವರದು ಪ್ಯಾಂಟು. ಉಡಿ ಎಲ್ಲಿಂದ ತರುವುದು! ಮನೆಯಲ್ಲಿದ್ದ ಸೀರೆಗಳನ್ನೆಲ್ಲ ತೆಗೆದು ಪ್ಯಾಂಟಿನ ಮೇಲೇ ಸುತ್ತಿದೆವು. ನಕ್ಕು ನಕ್ಕು ಹೊಟ್ಟೆ ನೋವು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಪ್ಪಸದ ಖಣ. ಐವರಿಗೆ ನಾನು ತುಂಬಿದೆ. ಮ್ವೆಂಡೆಗೆ ತುಂಬಲು ಹೋದರೆ ತಿರುಪತಮ್ಮಕ್ಕ ನನ್ನ ಕೈಯಿಂದ ಮೊರ ಕಸಿದುಕೊಂಡಳು.

"ಈಕಿ ನನ್ನಾಕಿ. ನಾ ತುಂಬ್ತೀನಿ."

ನಮ್ಮತ್ತೆ ಚನ್ನವೀರಮ್ಮ ಎಲ್ಲರ ಹಣೆಗೆ ವಿಭೂತಿ ಹಚ್ಚಿದರು. "ಉಡಿ ತುಂಬೀವಿ ಅಂದ್ರ ಇದು ನಿಮ್ಮ ತವರುಮನಿ. ಬರಿಗೈಲೆ ಕಳಸಂಗಿಲ್ಲ ನಾವು" ಅಂದರು. ತವರುಮನೆಗೆ ಇಂಗ್ಲಿಷಿನಲ್ಲಿ ಏನು? ಕರುಣಾ ತಡವರಿಸಿ "ತಾಯಿಯ ಮನೆ" ಅಂದಳಂತೆ. ಮ್ವೆಂಡೆ ಅತ್ತೆಯ ಕಾಲು ಮುಟ್ಟಿದಳು. ಯಾರು ಹೇಳಿಕೊಟ್ಟರೋ!

ಎಂಥ ದಿನ. ಪಾತ್ರೆ ಹಾಗೇ ಬಿದ್ದಿವೆ. ಬೀಳಲಿ.

17 ಸೆಪ್ಟೆಂಬರ್, ಬುಧವಾರ

ತೋಳು ಮುಗಿಯಿತು. ತಿರುಪತಮ್ಮಕ್ಕನೇ ಕಲಿಸಿದಳು. ನಾನು ಟ್ರೇನರ್, ಅವಳು ಅಸಿಸ್ಟೆಂಟ್ ಅಂದಿದ್ದಕ್ಕೆ ಇನ್ನೊಂದು ಗುದ್ದು.

ಇನ್ನು ಕಾಲರ್. ಕೊನೆಗೆ ಇಟ್ಟಿದ್ದೇನೆ, ಊಟದ ಕೊನೆಗೆ ಹೋಳಿಗೆ ಇಟ್ಟ ಹಾಗೆ! ಕಾಲರನ್ನು ಒಳಮಗ್ಗುಲಾಗಿ ಹೊಲಿದು ಆಮೇಲೆ ಹೊರಳಿಸಬೇಕು. ಮೂಲೆ ಚೂಪಾಗಿ ಹೊರಗೆ ಬರಬೇಕು. ಎಲ್ಲರೂ ಕಡ್ಡಿಯಿಂದ ಚುಚ್ಚಿ ತೆಗೆಯುತ್ತಾರೆ. ನಮ್ಮ ಶರ್ಟಿನ ಬಟ್ಟೆ ತೀರಾ ತೆಳು. ಜೋರು ಚುಚ್ಚಿದರೆ ಹರಿಯುತ್ತದೆ, ಮೆಲ್ಲಗೆ ಚುಚ್ಚಿದರೆ ಮೊಂಡು. ನಾನು ಕಡ್ಡಿ ಮುಟ್ಟುವುದೇ ಇಲ್ಲ. ಹೊಲಿಯುವಾಗಲೇ ಮೂಲೆಯಲ್ಲಿ ಎರಡೆಳೆ ದಾರ ಇಡುತ್ತೇನೆ. ಅದನ್ನು ಬಳಸಿ ಒಂದು ಹೊಲಿಗೆ. ಹೊರಳಿಸುವಾಗ ದಾರ ಎಳೆದರೆ ಗಿಣಿಯ ಕೊಕ್ಕಿನ ಹಾಗೆ ಮೂಲೆ ಹೊರಗೆ! ಆಮೇಲೆ ದಾರ ಕಿತ್ತು ಎಸೆದರೆ ಗುರುತೂ ಇಲ್ಲ. ಬಯ್ಯರ್ ಬರುವುದೇ ಈ ಕಾಲರಿಗೆ ಅಂತ ಸಾರ್ ಹೇಳುತ್ತಾರೆ. ನಮ್ಮ ಲೈನಿನವರಿಗೆಲ್ಲ ಗೊತ್ತು, ಹೊರಗೆ ಯಾರಿಗೂ ಇಲ್ಲ.

ಶನಿವಾರ ಕಲಿಸುತ್ತೇನೆ. ಅವರ ಮುಖ ನೋಡಬೇಕು ಆಗ!

19 ಸೆಪ್ಟೆಂಬರ್, ಶುಕ್ರವಾರ

ಕ್ರಮವಾಗಿ ಬರೆಯಬೇಕು.

ಊಟದ ಹೊತ್ತು. ಮ್ವೆಂಡೆ ಲೈನಿನ ಮಷೀನುಗಳ ನಡುವೆ ಓಡಾಡಿ ಫೋಟೋ ತೆಗೆಯುತ್ತಿದ್ದಳು. ನನ್ನ ಮಷೀನಿನ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿ, ಏನೋ ಕೇಳಿದಳು. ಕರುಣಾ ಅರ್ಧ ಹೇಳಿ ನಿಲ್ಲಿಸಿದಳು.

"ಏನಂತ?"

"ಏನಿಲ್ಲಕ್ಕ."

"ಬಾಯಿ ಬಿಡ್ತೀಯೋ ಇಲ್ಲೋ?"

ಕರುಣಾ ತಲೆ ತಗ್ಗಿಸಿದಳು. "ಈ ಮಷೀನ್ ನಿಂದೇನಂತ ಕೇಳ್ತಾಳಕ್ಕ. ಈ ವರ್ಷ ಮುಗಿಯೋದ್ರಾಗ ಇವೆಲ್ಲ ಅವರ ಊರಿಗೆ ಬರ್ತಾವಂತ. ಅಲ್ಲಿ ಬಂದಾಗ ತಾ ನಿನ್ನ ಮಷೀನ್ ಮ್ಯಾಲೇ ಕೂಡ್ತಾಳಂತ. ಗುರುತು ಹಾಕ್ಕೊಳ್ಳಾಕ ಬಂದಾಳ."

ಪ್ರೀತಿಯಿಂದ ಕೇಳಿದ್ದಾಳೆ ಪಾಪ. ಅವಳಿಗೆ ನಮಗೆ ಗೊತ್ತಿಲ್ಲ ಅಂತಲೇ ಗೊತ್ತಿಲ್ಲ.

ಇಡೀ ಲೈನು ಲಕ್ಷ್ಮಣ್ ಸಾರ್ ಕ್ಯಾಬಿನ್ನಿಗೆ ನುಗ್ಗಿತು. ಸಾರ್ ಬೆವರಿದರು. "ಕೂಗಬ್ಯಾಡ್ರವ್ವ. ಅಮೆರಿಕದವರು ನಮ್ಮ ದೇಶದ ಮಾಲಿನ ಮ್ಯಾಲ ಟ್ಯಾಕ್ಸ್ ಏರ್ಸ್ಯಾರ. ಕೀನ್ಯಾದ ಮಾಲಿಗೆ ಕಮ್ಮಿ ಐತಿ. ಬಯ್ಯರ್ ಅಲ್ಲಿ ಹೊಲಿಸ್ರಿ ಅಂತಾನ. ನಂದೂ ನೌಕ್ರಿ ಹೋಗತೈತಿ, ನಾ ಯಾರ ಮುಂದ ಕೂಗ್ಲಿ?"

"ಹಂಗಾದ್ರ ಯೂನಿಟ್ ಬಂದ್?" ಅಂದಳು ತಿರುಪತಮ್ಮಕ್ಕ.

ಸಾರ್ ಒಂದು ಮಾತು ಹೇಳಿದರು. ಇಪ್ಪತ್ತೊಂಬತ್ತಕ್ಕೆ ಬಯ್ಯರ್ ಕಡೆಯವನು ಬರುತ್ತಾನೆ. ಆರು ಜನ ಯಾರ ಸಹಾಯವೂ ಇಲ್ಲದೆ ಅವನೆದುರಿಗೆ ಶರ್ಟು ಹೊಲಿಯಬೇಕು. ಪಾಸಾದರೆ ಆರ್ಡರ್ ಅವರ ಜೊತೆ ಹೋಗುತ್ತದೆ. ಫೇಲಾದರೆ ಮುಂದಿನ ಸೀಸನ್ನೂ ಇಲ್ಲೇ.

ಮೂರ್ಖರು ನಾವು! ನಮ್ಮ ಕೂಳು ಒಯ್ಯಲು ಬಂದವರಿಗೆ ಕೂತು ಉಡಿ ತುಂಬಿದೆವಲ್ಲ!

ನೀರಿನ ಟ್ಯಾಂಕಿನ ಹಿಂದೆ ಸೇರಿದೆವು. ತಿರುಪತಮ್ಮಕ್ಕನ ಮುಖ ಕಲ್ಲು. "ಕಾಲರ್ ಕಲಿಸೀಯೇನ?"

"ಇಲ್ಲ. ನಾಳೆ ಕಲಿಸಬೇಕಂತ ಇದ್ದೆ."

"ಎಲ್ಲಾ ಕಲಸು. ಮೂಲಿ ಮಾತ್ರ ಕಲಿಸಬ್ಯಾಡ. ಕಡ್ಡೀಲೆ ಚುಚ್ಚಾಕ ಹೇಳು. ಆರೂ ಮೊಂಡ ಬರ್ತಾವ. ನಾ ಮತ್ತ ಬುಟ್ಟಿ ಹೊರಾಕ ಒಲ್ಲೆ ಶಿವಗಂಗಾ. ಸತ್ತರೂ ಒಲ್ಲೆ."

ಕತ್ತರಿಯ ಮೇಲೆ ಕೈ ಇಟ್ಟು ಎಲ್ಲರೂ ಆಣೆ ಮಾಡಿದೆವು. ದಾರದ ಮಾತು ಯಾರೂ ಆಡಕೂಡದು, ಅವರ ಕಣ್ಣೆದುರು ದಾರ ಇಡಲೂ ಕೂಡದು. ಮೊದಲು ಅವಳು, ಆಮೇಲೆ ನಾನು.

ಹೆದರಿಕೆಯಾಗಿದೆ ಅಂತ ಬರೆಯಬೇಕು. ಆಗಿದೆ. ಆದರೆ ಸುಳ್ಳೇಕೆ, ಮೈ ಝುಂ ಅನ್ನುತ್ತಿದೆ! ಇಡೀ ಫ್ಯಾಕ್ಟರಿ ಉಳಿಯುವುದು ನನ್ನೊಂದು ಮೂಲೆಯಿಂದ. ನನ್ನಿಂದ!

20 ಸೆಪ್ಟೆಂಬರ್, ಶನಿವಾರ

ಕಾಲರ್ ಕಲಿಸಿದೆ. ಕಡ್ಡಿಯಿಂದ.

ಸುಳ್ಳು ಹೇಳುವುದು ಸುಲಭ. ಕೆಟ್ಟ ಕೆಲಸ ಮಾಡಿ ತೋರಿಸುವುದಿದೆಯಲ್ಲ... ಬೇಕೆಂದೇ ಮೊಂಡು ಮಾಡಬೇಕು! ನನ್ನ ಕೈ ತಾನಾಗಿ ದಾರದ ಕಡೆ ಹೋಗುತ್ತಿತ್ತು. ತಿರುಪತಮ್ಮಕ್ಕ ಕೆಮ್ಮುತ್ತಿದ್ದಳು. ದಿನವೆಲ್ಲ ಕೆಮ್ಮು. ಸೂಪರ್‌ವೈಸರ್ ಅವಳಿಗೆ ಮಾತ್ರೆ ಕೊಟ್ಟ.

21 ಸೆಪ್ಟೆಂಬರ್, ಭಾನುವಾರ

ಹೂವಿನ ಹಬ್ಬ ಬತುಕಮ್ಮದ ಮೊದಲ ದಿನ. ಆರು ಜನರಿಗೂ ನೋಡುವ ಆಸೆ. ಬೇಡ ಅಂದರೆ ಸಂಶಯ ಬರುತ್ತದೆ ಅಂತ ತಿರುಪತಮ್ಮಕ್ಕ ಮಾಗನೂರಿಗೆ ಕರೆದಳು. ನಾನೂ ಹೋದೆ.

ಮ್ವೆಂಡೆ ಹೂ ಮುಟ್ಟಿದ್ದೇ ತಡ, ಎಲ್ಲರೂ ಕೈ ಬಿಟ್ಟು ನೋಡಿದರು. ತಂಗಡಿ, ಗುನುಗು, ಚೆಂಡುಹೂ, ಸುತ್ತು ಸುತ್ತಿಗೆ ಎಷ್ಟು ಚಕಚಕ ಜೋಡಿಸುತ್ತಾಳೆ! ಹೂವಿನ ಗೋಪುರ ಓರೆಯಾಗಲಿಲ್ಲ. ಅವಳು ತನ್ನ ಊರಿನಲ್ಲಿ ಹೂವಿನ ಕಂಪನಿಯಲ್ಲಿ ಇದ್ದವಳಂತೆ. ಗುಲಾಬಿ ಕತ್ತರಿಸಿ ಕಟ್ಟಿ ಪೆಟ್ಟಿಗೆಗೆ ತುಂಬುವ ಕೆಲಸ. ಹೂವೆಲ್ಲ ಪರದೇಶಕ್ಕೆ. ಔಷಧಿ ಹೊಡೆದ ಹೂವು ಹಿಡಿದು ಹಿಡಿದು ಅಂಗೈ ಸುಲಿದಿದೆ. ಕರುಣಾ ಹೇಳಿದಳು, ಟ್ರೇನಿಂಗ್ ಫೇಲಾದರೆ ಮತ್ತೆ ಅಲ್ಲಿಗೇ ಹೋಗಬೇಕಂತೆ.

ನಾನು ಆ ಮಾತು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡರೆ ಕಷ್ಟ. ಚಪ್ಪಾಳೆ ತಟ್ಟಿ ಸುತ್ತು ಹಾಕಿದೆ. ಆರು ಜನವೂ ನಮ್ಮ ಜೊತೆ ಕುಣಿದರು, ನಮಗಿಂತ ಚಂದ. ಊರೆಲ್ಲ ನೋಡಿತು. ಎಷ್ಟು ನಕ್ಕೆವು!

ನಾನು ಕೊನೆಯ ಬಸ್ಸಿಗೆ ಓಡಿದೆ. ಮ್ವೆಂಡೆ ರಾತ್ರಿ ಅಲ್ಲೇ ಉಳಿಯುತ್ತಾಳೆ ಅಂದಳು ತಿರುಪತಮ್ಮಕ್ಕ. "ಉಡಿ ತುಂಬಿದಾಕಿ ನಾನಲ್ಲೇನ? ಒಂದ್ ರಾತ್ರಿ ಇರಲಿ."

24 ಸೆಪ್ಟೆಂಬರ್, ಬುಧವಾರ

ಮೊಂಡು. ಎಲ್ಲ ಮೊಂಡು! ಆರೂ ಕಾಲರ್ ನೋಡಿದರೆ ದೋಸೆಯ ಅಂಚು. ಲಕ್ಷ್ಮಣ್ ಸಾರ್ ಪೀಸು ಎತ್ತಿ ನೋಡಿದರು, ನನ್ನ ಮುಖ ನೋಡಿದರು. ಪೀಸು ಹಾಗೇ ಕೆಳಗಿಟ್ಟು ಹೋದರು. ಅವರಿಗೂ ಗೊತ್ತಾಗಿದೆಯೇನೋ. ಅವರ ನೌಕರಿಯೂ ಇದರಲ್ಲೇ ಇದೆಯಲ್ಲ!

ಲೈನಿನವರು ಒಳಗೊಳಗೇ ಕುಣಿಯುತ್ತಿದ್ದಾರೆ. ನನ್ನ ಡಬ್ಬಿಗೆ ಒಬ್ಬೊಬ್ಬರೂ ಏನಾದರೂ ಹಾಕುತ್ತಾರೆ. ಇವತ್ತು ಶೇಂಗಾ ಹೋಳಿಗೆ, ಮಿರ್ಚಿ, ಕರಿಗಡಬು. ಹೀಗೆ ತಿಂದರೆ ಇಪ್ಪತ್ತೊಂಬತ್ತರ ಹೊತ್ತಿಗೆ ಸ್ಟೂಲು ಮುರಿಯುತ್ತದೆ.

ಮ್ವೆಂಡೆ ಮಾತ್ರ ಬೇಜಾರಾಗಿಲ್ಲ. ಮೊಂಡು ಕಾಲರ್ ಮಡಚಿ ಇಡುತ್ತಾಳೆ, ನಗುತ್ತಾಳೆ. ಪೆದ್ದಿ.

26 ಸೆಪ್ಟೆಂಬರ್, ಶುಕ್ರವಾರ

ಅತ್ತೆಗೆ ಹೇಗೋ ಸುದ್ದಿ ಮುಟ್ಟಿದೆ. ಮನೆಯವರೇ ಹೇಳಿರಬೇಕು, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

"ಉಡಿ ತುಂಬಿದ ಮಗಳಿಗೆ ಅರ್ಧಾ ಕಲಿಸಿ ಕಳಸ್ತೀಯಂತ?"

"ಆಕಿ ನಮ್ಮ ಅನ್ನ ಒಯ್ತಾಳ್ರಿ ಅತ್ತಿ."

"ಅನ್ನ ಒಯ್ಯಾವ್ರು ಬ್ಯಾರೆ ಅದಾರ. ಆಕಿ ಒಯ್ಯಂಗಿಲ್ಲ, ಆಕೀನ್ನೂ ಒಯ್ದಾರ."

ಸಿಟ್ಟು ಬಂತು. ಮನೆಯಲ್ಲಿ ಕೂತು ಹೇಳುವುದು ಸುಲಭ! ನಮ್ಮ ಲೈನಿನಲ್ಲಿ ಎಷ್ಟು ಮನೆಗಳು, ಎಷ್ಟು ಬುಟ್ಟಿಗಳು. ಪಾತ್ರೆ ಜೋರಾಗಿ ಇಟ್ಟೆ. ಅತ್ತೆ ಎದ್ದು ಹೋದರು.

ಇಲ್ಲ. ಸೋಮವಾರ ನಾವು ಗೆಲ್ಲುತ್ತೇವೆ. ಗೆದ್ದೇ ಗೆಲ್ಲುತ್ತೇವೆ!

29 ಸೆಪ್ಟೆಂಬರ್, ಸೋಮವಾರ

ಬಯ್ಯರ್ ಕಡೆಯವನು ಬಂದ. ಬಿಳಿ ಶರ್ಟು. ಅವನ ಕಾಲರಿನ ಮೂಲೆ ನೋಡಿದೆ. ಮೊಂಡು!

ಆರು ಮಷೀನು ಒಂದು ಕಡೆ. ನಮ್ಮನ್ನು ಹಿಂದೆ ನಿಲ್ಲಿಸಿದರು. ಯಾರೂ ಮಾತಾಡಕೂಡದು. ಜೇಬು, ಪಟ್ಟಿ, ತೋಳು, ಎಲ್ಲ ಸರಿ. ಕಾಲರಿಗೆ ಬಂದರು. ನಮ್ಮ ಲೈನು ಉಸಿರು ಹಿಡಿದಿತ್ತು.

ಮ್ವೆಂಡೆ ರೀಲಿನಿಂದ ದಾರ ಕಿತ್ತಳು. ಎರಡೆಳೆ ಮಾಡಿದಳು. ಪಕ್ಕದವಳೂ ಕಿತ್ತಳು. ಆರೂ ಜನ.

ಹೊಲಿದರು. ಹೊರಳಿಸಿದರು. ದಾರ ಎಳೆದರು.

ಅಯ್ಯೋ, ಏನು ಮೂಲೆ! ಆರಕ್ಕೆ ಆರೂ! ಚೂಪು, ನೇರ, ಒಂದು ಎಳೆ ಬಿಚ್ಚಿಲ್ಲ! ಮ್ವೆಂಡೆಯದು ನನ್ನದಕ್ಕಿಂತ... ಬರೆಯುತ್ತೇನೆ, ನನ್ನದಕ್ಕಿಂತ ಚಂದ! ನಾನು ಚಪ್ಪಾಳೆ ತಟ್ಟಿಬಿಟ್ಟೆ. ಜೋರಾಗಿ. ಆ ದೊಡ್ಡ ಹಾಲಿನಲ್ಲಿ ನಾನೊಬ್ಬಳೇ.

ಆಮೇಲೆ ನೆನಪಾಯಿತು.

ತಿರುಗಿ ನೋಡಿದೆ. ಇಡೀ ಲೈನು ನನ್ನನ್ನೇ ನೋಡುತ್ತಿತ್ತು.

30 ಸೆಪ್ಟೆಂಬರ್, ಮಂಗಳವಾರ

ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಡಬ್ಬಿಗೆ ಯಾರೂ ಏನೂ ಹಾಕಲಿಲ್ಲ. ನಮ್ಮ ಲೈನಿನ ಶಂಕ್ರಮ್ಮ ಎಲ್ಲರಿಗೂ ಕೇಳುವಂತೆ ಅಂದಳು, "ಕಾರ್ಡ್ ಕೊರಳಿಗೆ ಬಿದ್ದಾಗs ಈಕಿ ಅವರಾಕಿ ಆಗ್ಯಾಳ." ನಾನಲ್ಲ ಅಂದೆ. ಕತ್ತರಿ ಮುಟ್ಟಿ ಹೇಳಿದೆ. "ಹಂಗಾದ್ರ ಚಪ್ಪಾಳಿ ಯಾಕ ಬಡದಿ?" ಅಂದಳು.

ಸಂಜೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ತಿರುಪತಮ್ಮಕ್ಕ ನನ್ನನ್ನು ತಡೆದು ನಿಲ್ಲಿಸಿದಳು. ಕಬ್ಬಿನ ಹಾಲಿನ ಬಂಡಿಯ ಹಿಂದೆ.

"ನಾನs ಕಲಿಸಿದೆ" ಅಂದಳು.

ತಮಾಷೆ ಅಂದುಕೊಂಡೆ.

"ಹೂವಿನ ದಿನ. ಆಕಿ ಅಂಗೈ ನೋಡಿದೆ. ನಾ ಬುಟ್ಟಿ ಹೊತ್ತ ಮೊದಲನೇ ವರ್ಷ ನನ್ನ ಕೈ ಹಂಗs ಇದ್ವು. ಚಾ ಲೋಟ ಹಿಡಿಯಾಕ ಬರ್ತಿರಲಿಲ್ಲ. ಆಕೀಗೂ ಬರಲಿಲ್ಲ ಶಿವಗಂಗಾ, ನನ್ನ ಸೆರಗಲೆ ಹಿಡದು ಕುಡದ್ಳು. ಮನ್ಯಾಗ ದಾರ ಇತ್ತು. ಹಳೇ ಅಂಗಿ ಇತ್ತು. ಬುದ್ಧಿ ಬರೋದ್ರಾಗ ಕೈ ತೋರಿಸಿಬಿಟ್ಟಿತ್ತು. ಸೋಮವಾರದ ತನಕ ಯಾರ ಮುಂದೂ ಮಾಡಬ್ಯಾಡ ಅಂತ ಕೈಸನ್ನಿ ಮಾಡಿ ಹೇಳಿದೆ. ಉಳದವರಿಗೆ ಆಕೀನ ಹೇಳ್ಯಾಳ."

"ನೀನs ಆಣಿ ಮಾಡಿಸಿದಿ!"

"ಹೌದು."

"ಕಲಿಸಾಕ ನಾ ಇದ್ನಲ್ಲ! ನನ್ನ ಕಾಲರ್ ಅದು! ನನಗ ಒಂದು ಮಾತು..."

ಇದೇ ಬಾಯಿಗೆ ಬಂತು. ಫ್ಯಾಕ್ಟರಿಯಲ್ಲ, ಕೂಲಿಯಲ್ಲ. ನನ್ನ ಕಾಲರ್! ಅವಳು ನಕ್ಕುಬಿಟ್ಟಳು. ನಾನೂ. ಬಂಡಿಯವನು ನಮ್ಮನ್ನು ನೋಡಿ ಎರಡು ಗ್ಲಾಸು ಕೊಟ್ಟ. ಕುಡಿಯುತ್ತ ಕುಡಿಯುತ್ತ ಅವಳು ಅತ್ತಳು.

"ನಾಳೆ ಎಲ್ಲರ ಮುಂದ ಹೇಳ್ತೀನಿ. ನಿನ್ನ ಮ್ಯಾಲ ಯಾಕ ಬರಬೇಕು" ಅಂದಳು.

"ಹೇಳಿದ್ರ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಫ್ಯಾಕ್ಟರಿ ಮುಚ್ಚಿದರೆ ಮಾಗನೂರಿನವರೆಲ್ಲ ಮತ್ತೆ ಗುಂಪು ಕಟ್ಟುತ್ತಾರೆ. ಗುಂಪಿನವರು ಒಲ್ಲೆವು ಅಂದವಳನ್ನು ಮೇಸ್ತ್ರಿ ಯಲ್ಲಯ್ಯ ಟೆಂಪೋ ಹತ್ತಿಸುವುದಿಲ್ಲ. ಒಬ್ಬಳೇ ಹೋದ ಹೆಣ್ಣಿಗೆ ಹೈದರಾಬಾದಿನಲ್ಲಿ ಕೆಲಸವೂ ಇಲ್ಲ, ಮಲಗಲು ಜಾಗವೂ ಇಲ್ಲ.

1 ಅಕ್ಟೋಬರ್, ಬುಧವಾರ

ಹೇಳಿಬಿಟ್ಟೆ!

ಮಷೀನುಗಳಿಗೆ ಆಯುಧಪೂಜೆ ನಡೆದಿತ್ತು. ತೆಂಗಿನಕಾಯಿ ಒಡೆದಾದ ಮೇಲೆ ತಿರುಪತಮ್ಮಕ್ಕ ಬಾಯಿ ತೆರೆಯುತ್ತಿದ್ದಳು. ನಾನು ಸ್ಟೂಲಿನ ಮೇಲೆ ಹತ್ತಿ ನಿಂತೆ.

"ಹೌದು, ನಾನs ಕಲಿಸಿದೆ! ಕಾಲರ್ ನಂದು, ವಿದ್ಯಾ ನಂದು, ನನಗ ಬೇಕಾದವರಿಗೆ ಕಲಿಸ್ತೀನಿ. ಮ್ವೆಂಡೆಗೆ ನಾನs ಕಲಿಸಿದ್ದು!"

ಮ್ವೆಂಡೆಗೆ ಕನ್ನಡ ಎಲ್ಲಿ ಬರಬೇಕು. ತನ್ನ ಹೆಸರು ಕೇಳಿ ದೊಡ್ಡದಾಗಿ ನಕ್ಕು ತಲೆ ಆಡಿಸಿದಳು. ಮುಗಿಯಿತು, ಸಾಕ್ಷಿಯೂ ಸಿಕ್ಕಿತು!

ಶಂಕ್ರಮ್ಮ ಪ್ರಸಾದದ ತಟ್ಟೆ ನನ್ನನ್ನು ದಾಟಿಸಿ ಮುಂದೆ ಒಯ್ದಳು. ತಿರುಪತಮ್ಮಕ್ಕ ನನ್ನ ಕಡೆ ಬರಲು ಹೆಜ್ಜೆ ಇಟ್ಟಳು. ಬೇಡ ಅಂತ ಕಣ್ಣಲ್ಲೇ ಹೆದರಿಸಿದೆ. ನಿಂತಳು.

ನನಗೇನು, ಮನೆಯಲ್ಲಿ ಮಗ್ಗವಿದೆ. ನನ್ನ ಗಂಡ ಅನ್ನ ಹಾಕದೆ ಇರುತ್ತಾರೆಯೇ? ಅವಳಿಗೆ ಗುಂಪು ಬೇಕು. ಲೆಕ್ಕ ಸರಿಯಿದೆ. ಎದೆ ಹಗುರ. ಕೈ ತಣ್ಣಗಿದೆ, ಅಷ್ಟೇ.

4 ಅಕ್ಟೋಬರ್, ಶನಿವಾರ

ಆರು ಜನ ಹೋದರು. ಮ್ವೆಂಡೆ ನನ್ನನ್ನು ಎತ್ತಿಯೇಬಿಟ್ಟಳು! ಕಾಲು ನೆಲದಿಂದ ಮೇಲೆ! ಉಡಿಯ ಖಣವನ್ನು ತಲೆಗೆ ಕಟ್ಟಿಕೊಂಡಿದ್ದಳು. ಕರುಣಾ ಹೇಳಿದಳು, "ಅಲ್ಲಿ ಹೊಸಬರಿಗೆಲ್ಲ ಮೂಲಿ ಕಲಿಸ್ತೀನಿ ಅಂತಾಳಕ್ಕ."

"ಪೊಲೆ ಪೊಲೆ ಕಲಸು ಅನ್ನು. ಅವಸರ ಮಾಡಿದ್ರ ಎಳಿ ಹರಿತೈತಿ."

27 ಅಕ್ಟೋಬರ್, ಸೋಮವಾರ

ದೀಪಾವಳಿಗೆ ಮೊದಲೇ ಲೈನು ಬಂದ್ ಆಯಿತು. ಮಷೀನು ಲಾರಿಗೆ ಏರುವಾಗ ನಾನು ಹೋಗಲಿಲ್ಲ.

ಇವತ್ತು ಮಗ್ಗದ ಕುಣಿಗೆ ಇಳಿದೆ! ಎರಡು ಕಾಲಿಗೆ ಎರಡು ಮಣೆ. ಎಡಗಾಲು ಒತ್ತುವಲ್ಲಿ ಬಲಗಾಲು ಒತ್ತಿದೆ. ಎಳೆಗಳು ಪಟಪಟ ಹರಿದವು. ಮನೆಯವರು ತಲೆ ಹಿಡಿದುಕೊಂಡರು.

"ಟ್ರೇನರ್ ಮೇಡಮ್ಮಾರ, ಸ್ವಲ್ಪ ಸಾವಕಾಶ ಮಾಡ್ರಿ."

ನಕ್ಕು ಕುಣಿಯಲ್ಲೇ ಕೂತೆ. ಸಂಜೆಯ ಹೊತ್ತಿಗೆ ಒಂದು ಗೇಣು ಬಂತು. ಅಂಚು ಸೊಟ್ಟ. ಆದರೆ ಬಂತು! ತಿರುಪತಮ್ಮಕ್ಕನಿಗೆ ಫೋಟೋ ಕಳಿಸೋಣ ಅಂತ ಫೋನು ತೆಗೆದೆ. ಅವಳ ಮನೆಯಲ್ಲಿ ಯಾರಾದರೂ ನೋಡಿದರೆ? ಇಟ್ಟುಬಿಟ್ಟೆ.

ರಾತ್ರಿ ಅವಳೇ ಫೋನ್ ಮಾಡಿದಳು, ದನಿ ತಗ್ಗಿಸಿ. ಬರುವ ಸೋಮವಾರ ಹೈದರಾಬಾದಿಗೆ ಟೆಂಪೋ ಹೊರಡುತ್ತದೆ. ಮಕ್ತಲ್ ದಾಟಿ ಹೋಗುತ್ತದೆ.

"ನೋಡಾಕ ಬರ್ತೀನಿ. ಆದ್ರ ನೀ ನನ್ನ ಗುರುತ ಹಿಡಿಯಬ್ಯಾಡ. ಎಲ್ಲರೂ ಮಕಾ ತಿರುಗಿಸಿದ್ರ ನೀನೂ ತಿರುಗಿಸು. ಇಲ್ಲಾಂದ್ರ ಅವರಿಗೆ ಡೌಟ್ ಬರ್ತೈತಿ" ಅಂದೆ.

"ನನ್ನ ಕಡಿಂದ ಆಗಂಗಿಲ್ಲ ಬೇ."

"ಆಗಬೇಕು."

3 ನವೆಂಬರ್, ಸೋಮವಾರ

ಬೆಳಿಗ್ಗೆಯೇ ಮಕ್ತಲಿಗೆ ಹೋದೆ. ಅವಳ ಕೈಗೆ ಕೊಡಲಾಗದು ಅಂತ ಗೊತ್ತಿದ್ದೂ ರೊಟ್ಟಿ ಕಟ್ಟಿಕೊಂಡಿದ್ದೆ. ಟೆಂಪೋ ಬಂತು. ಚಹಾಕ್ಕೆ ನಿಂತಿತು. ತಾಡಪತ್ರಿ, ಕೊಡ, ಬುಟ್ಟಿಗಳು ಮೇಲೆ. ಒಳಗೆ ನಮ್ಮ ಇಡೀ ಲೈನು. ಇನ್ನೂ ಒಬ್ಬರ ಪಕ್ಕ ಒಬ್ಬರು ಅದೇ ಕ್ರಮದಲ್ಲಿ ಕೂತಿದ್ದರು.

ನನ್ನನ್ನು ಮೊದಲು ನೋಡಿದವಳು ಶಂಕ್ರಮ್ಮ. ಮುಖ ತಿರುಗಿಸಿದಳು. ಆಮೇಲೆ ಅವಳ ಪಕ್ಕದವಳು. ಒಬ್ಬೊಬ್ಬರಾಗಿ ಎಲ್ಲರೂ.

ತಿರುಪತಮ್ಮಕ್ಕ ಕಿಟಕಿಯ ಹತ್ತಿರ. ನೋಡಿದಳು. ನಾನು ಕಣ್ಣಲ್ಲೇ ತಿರುಗು ಅಂದೆ.

ತಿರುಗಿದಳು. ಎಷ್ಟು ಚೆನ್ನಾಗಿ ತಿರುಗಿದಳು! ಥೂ ಅಂತ ಕೆಳಗೆ ಉಗುಳಿದಳು ಕೂಡ. ಶಂಕ್ರಮ್ಮ ಮೆಚ್ಚಿ ಅವಳ ಭುಜ ತಟ್ಟಿದಳು. ನಾನು ಹೇಳಿದ ಹಾಗೇ ಮಾಡಿದಳು, ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದಳು. ಗೆದ್ದೆವು ಅಂತಲೇ ಅಂದುಕೊಂಡೆ. ಎಲ್ಲ ಸರಿಯಾಗಿ ಆಯಿತು. ಆದರೂ ಆ ರೊಟ್ಟಿಯ ಗಂಟು ಬಿಚ್ಚಲು ಇನ್ನೂ ಮನಸ್ಸಾಗಿಲ್ಲ.